ಎಬ್ಬಿಸಿದ ಹೊಲಕ್ಕೆ ಮರಳುವ ಮುನ್ನ

ಮೂವತ್ತೊಂದನೆಯ ನಡೆಯ ನಂತರ ಆಟ ಮುಂದಕ್ಕೆ ಹೋಗಲೇ ಇಲ್ಲ. ಎರಡೂ ಪಕ್ಷಗಳನ್ನು ಫೋನೇ ಆಡುತ್ತಿತ್ತು. ನಾನು ಪಕ್ಕದಲ್ಲಿ ಕುಳಿತು ಒಂದೊಂದು ನಡೆಯನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ. ಹದಿನಾಲ್ಕನೆಯ ಹೊಲದಲ್ಲಿ ಕಪ್ಪು ಕಾಯಿ ಕುಳಿತರೆ ಪಕ್ಕದ ಹದಿನೇಳರಲ್ಲಿದ್ದ ಹಳದಿ ಕಾಯಿ ಏಳುತ್ತಿತ್ತು. ಎದ್ದ ಹಳದಿ ಮರುಗಳಿಗೆಯಲ್ಲೇ ಅದೇ ಹದಿನೇಳಕ್ಕೆ ಬಂದು ಕೂರುತ್ತಿತ್ತು. ಆಗ ಹದಿನಾಲ್ಕರ ಕಪ್ಪು ಏಳುತ್ತಿತ್ತು. ಮತ್ತೆ ಕಪ್ಪು, ಮತ್ತೆ ಹಳದಿ. ತೊಂಬತ್ತಾರನೆಯ ನಡೆಯನ್ನು ಬರೆದಾದ ಮೇಲೆ ಪೆನ್ನು ಕೆಳಗಿಟ್ಟೆ. ಹತ್ತು ನಿಮಿಷದಲ್ಲಿ ಮುಗಿಯಬೇಕಾದ ಆಟಕ್ಕೆ ಮುಗಿಯುವ ಲಕ್ಷಣವೇ ಇರಲಿಲ್ಲ.

ಇದು ನಡೆದದ್ದು ಹಗರಿಬೊಮ್ಮನಹಳ್ಳಿಯ ಬಸ್ ನಿಲ್ದಾಣದ ಸಮೀಪದ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ. ಅದನ್ನು ನಡೆಸುವವನು ನನ್ನ ಹಳೆಯ ವಿದ್ಯಾರ್ಥಿ. ಈಗ ಅವನಿಗೂ ನಲವತ್ತರ ಹತ್ತಿರ. ಪಾಠ ಹೇಳುವ ಬಿಡುವಿನಲ್ಲಿ ಅಂಗಡಿಗಳಿಗೆ, ಶಾಲೆಗಳಿಗೆ ಆ್ಯಪ್ ಮಾಡಿಕೊಡುತ್ತಾನೆ. ನಾನು ಕೊಟ್ಟೂರಿನಿಂದ ಬಸ್ಸಿನಲ್ಲಿ ಬಂದು, ಹೇಳಿದ ಸಮಯಕ್ಕೆ ಸರಿಯಾಗಿ ಹಾಜರಾಗಿ, ಅವನಿಗಾಗಿ ನಲವತ್ತು ನಿಮಿಷ ಕಾದಿದ್ದೆ. ಕಾದದ್ದನ್ನು ದಾಖಲಿಸುವುದಕ್ಕೆ ಕಾರಣವಿದೆ. ಆ ದಿನ ನಾನು ಅವನ ಮೇಲೆ ರೇಗಿದ್ದರಲ್ಲಿ ಆ ನಲವತ್ತು ನಿಮಿಷಗಳ ಪಾಲೂ ಇತ್ತು.

“ನಿನ್ನ ಪ್ರೋಗ್ರಾಂ ಕೆಟ್ಟೈತಿ,” ಎಂದೆ.

“ಪ್ರೋಗ್ರಾಂ ಕೆಟ್ಟಿಲ್ರಿ ಟೀಚರ್. ನೀವು ಬರ್ಕೊಟ್ಟಿದ್ದನ್ನ ಒಂದಕ್ಷರ ಬಿಡ್ದಂಗ ಹಾಕೀನಿ.”

“ಎಬ್ಬಿಸಿದ ಹೊಲಕ್ಕ ಹಂಗ ತಿರುಗಿ ಇಡಬಾರದಪ್ಪ. ಅಷ್ಟೂ ಗೊತ್ತಾಗಂಗಿಲ್ಲೇನು?”

“ಎಲ್ಲೈತ್ರಿ ಅದು? ಹನ್ನೊಂದು ನಿಯಮ ಅದಾವು. ಯಾವುದ್ರಾಗ ಐತಿ, ನೀವ ತೋರಿಸ್ರಿ.”

ಮೂವತ್ತೆರಡು ವರ್ಷ ಗಣಿತ ಕಲಿಸಿದವಳು ನಾನು. ಪ್ರಮೇಯದಲ್ಲಿ ಒಂದು ಸಾಲು ಹಾರಿಸಿದ ಮಕ್ಕಳ ಅಂಕ ಕಳೆದವಳು. ಅವನ ಅಂಕವನ್ನೂ ಕಳೆದಿದ್ದೇನೆ, ಅದು ಅವನಿಗೂ ನೆನಪಿದೆ. ನಿಯಮಗಳ ಹಾಳೆಯನ್ನು ತೆಗೆದುಕೊಂಡು ಮೊದಲಿನಿಂದ ಕೊನೆಯವರೆಗೆ ಎರಡು ಸಲ ಓದಿದೆ. ಆ ಮಾತು ಎಲ್ಲಿಯೂ ಇರಲಿಲ್ಲ.

ಆಟದ ಹೆಸರು ತರುಬು. ನಮ್ಮ ಕಡೆ ಕುರಿ ಸಾಕುವವರು ತಮ್ಮ ಹಿಂಡನ್ನು ಸಂಜೆ ಒಬ್ಬರ ಹೊಲದಲ್ಲಿ ನಿಲ್ಲಿಸಿ, ಸುತ್ತ ಗೂಟ ಹೊಡೆದು ಬಲೆ ಕಟ್ಟಿ, ಬೆಳಗಾಗುವವರೆಗೆ ಅಲ್ಲೇ ಇರಿಸುತ್ತಾರೆ. ಹೊಲಕ್ಕೆ ಗೊಬ್ಬರವಾಗುತ್ತದೆ, ಹಿಂಡಿಗೆ ನೆಲೆಯಾಗುತ್ತದೆ. ಇದನ್ನೇ ತರುಬುವುದು ಎನ್ನುತ್ತಾರೆ. ನನ್ನ ಹಲಗೆಯ ಮೇಲೆ ಬದುಗಳಿಂದ ಬೇರ್ಪಟ್ಟ ಇಪ್ಪತ್ನಾಲ್ಕು ಹೊಲಗಳಿವೆ, ಒಂದರ ಆಕಾರದಂತೆ ಇನ್ನೊಂದಿಲ್ಲ. ಇಬ್ಬರು ಆಡಬೇಕು. ಒಬ್ಬರಿಗೆ ಹುಣಸೆ ಬೀಜ, ಇನ್ನೊಬ್ಬರಿಗೆ ಗೋವಿನಜೋಳದ ಕಾಳು. ಸರದಿ ಬಂದಾಗ ಖಾಲಿ ಹೊಲವೊಂದರಲ್ಲಿ ಒಂದು ಕಾಯಿ ಇಡುವುದು. ಯಾವುದೇ ಕಾಯಿಯ ಸುತ್ತಲಿನ ಹೊಲಗಳಲ್ಲಿ ಸ್ವಂತದವರಿಗಿಂತ ಎದುರಾಳಿಗಳು ಹೆಚ್ಚಾದರೆ ಆ ಕಾಯಿ ಎದ್ದು ಒಡೆಯನ ಕೈಗೆ ಮರಳುತ್ತದೆ. ಕಾಯಿ ಇಟ್ಟೊಡನೆ ಮೊದಲು ಎದುರಾಳಿಯ ಕಾಯಿಗಳನ್ನು ನೋಡಬೇಕು, ಆಮೇಲೆ ನಮ್ಮವನ್ನು. ಖಾಲಿ ಹೊಲ ಉಳಿಯದಾದಾಗ ಆಟ ಮುಗಿಯಿತು. ಹೆಚ್ಚು ಹೊಲ ಯಾರವೋ ಅವರು ಗೆದ್ದರು. ಬಾವಿಯಿರುವ ಹೊಲಕ್ಕೆ ಎರಡರ ಲೆಕ್ಕ. ಇಷ್ಟೇ.

ಇದನ್ನು ನಾನು ಕಟ್ಟಿದ್ದು ಕ್ಷೇತ್ರಫಲದ ಪಾಠಕ್ಕಾಗಿ. ತರಗತಿಯಲ್ಲಿ ಕುರಿಗಾರರ ಮಕ್ಕಳು ಇರುತ್ತಿದ್ದರು. ಹಿಂಡಿನ ಜೊತೆ ಹೋಗಿ ತಿಂಗಳುಗಟ್ಟಲೆ ಗೈರಾಗಿ, ಬಂದ ಮೇಲೆ ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂರುವ ಮಕ್ಕಳು. ಲೆಕ್ಕದಲ್ಲಿ ಬಾಯಿ ಬಿಡದ ಅವರು ಈ ಆಟದಲ್ಲಿ ಎಲ್ಲರನ್ನೂ ಸೋಲಿಸುತ್ತಿದ್ದರು. ಯಾವ ಹೊಲ ಹಿಡಿದರೆ ಯಾವುದು ಸಡಿಲವಾಗುತ್ತದೆಂಬುದು ಅವರಿಗೆ ನೋಡಿದೊಡನೆ ಹೊಳೆಯುತ್ತಿತ್ತು. ಶಿಕ್ಷಕರ ಕೊಠಡಿಯಲ್ಲಿ ಒಬ್ಬರು ಇದನ್ನು “ಬೀಜ ಎಣಿಸೋ ಆಟ” ಎಂದು ನಕ್ಕಿದ್ದರು. ಅವರು ಈಗ ನಿವೃತ್ತರಾಗಿದ್ದಾರೆ, ನಾನೂ ನಿವೃತ್ತಳಾಗಿದ್ದೇನೆ. ಆ ನಗು ಮಾತ್ರ ನನ್ನಲ್ಲಿ ಇನ್ನೂ ಸೇವೆಯಲ್ಲಿದೆ.

ಎಂಟು ತಿಂಗಳ ಹಿಂದೆ ಆಟಿಕೆಗಳನ್ನು ತಯಾರಿಸುವ ಒಂದು ಸಂಸ್ಥೆಯವರು ಇದನ್ನು ಪೆಟ್ಟಿಗೆಯಲ್ಲಿ ತರಲು ಮುಂದೆ ಬಂದರು. ಜೊತೆಗೆ ಫೋನಿನಲ್ಲಿಯೂ ಆಡುವಂತಿರಬೇಕೆಂದರು. ಅವರ ಪರೀಕ್ಷಕರೊಬ್ಬರು ದಾವಣಗೆರೆಯಿಂದ ಕೊಟ್ಟೂರಿಗೆ, ನಮ್ಮ ಮನೆಯ ಜಗಲಿಗೆ ಬಂದು ನನ್ನೊಡನೆ ಒಂದು ಆಟ ಆಡಿದರು.

“ಹಗುರವಾಗೈತೆ ಮೇಡಂ, ಚುರುಕಾಗೈತೆ. ಆದ್ರೆ ಕುರಿ ಯಾರಿಗೆ ಬೇಕು ಹೇಳಿ? ಪೇಟೆ ಹುಡುಗ್ರು ಕುರಿ ಆಡ್ತಾರಾ? ಕೋಟೆ ಇಡೋಣ. ಪಾಳೇಗಾರ್ರು, ಕುದುರೆ, ಕತ್ತಿ.”

“ಕೋಟಿ ಇಟ್ರ ಅದು ಈ ಆಟ ಅಲ್ಲ.”

“ಹಲಗೆ ಅದೇ ಅಲ್ವಾ?” ಎಂದರು. ಅರ್ಧ ಕಪ್ ಚಹಾ ಬಿಟ್ಟು ಎದ್ದರು.

ಕೊನೆಗೆ ಒಪ್ಪಂದವಾಯಿತು. ಅದರ ಏಳನೆಯ ಷರತ್ತು ಹೀಗಿತ್ತು: ಆಟವನ್ನು ಎಂದೂ ನೋಡದವರು ಫೋನಿನಲ್ಲಿ ಅದನ್ನು ತಾವಾಗಿ ಕಲಿತು ಹತ್ತು ನಿಮಿಷದೊಳಗೆ ಮುಗಿಸುವಂತಿರಬೇಕು, ಇಲ್ಲವಾದರೆ ಹಲಗೆಯ ವಿನ್ಯಾಸವನ್ನು ಉಳಿಸಿಕೊಂಡು ವಸ್ತುವನ್ನೂ ನಿಯಮಗಳನ್ನೂ ಬದಲಿಸುವ ಹಕ್ಕು ಸಂಸ್ಥೆಯದು. ನಾನು ಅದನ್ನು ಓದಿಯೇ ಸಹಿ ಹಾಕಿದ್ದೆ. ಎಷ್ಟೋ ಸಲ ಆಡಿ ನೋಡಿದ್ದೆ, ಯಾವ ಆಟವೂ ಹತ್ತು ನಿಮಿಷ ದಾಟಿರಲಿಲ್ಲ. ಪರೀಕ್ಷೆ ಹರಪನಹಳ್ಳಿಯ ಕಾಲೇಜೊಂದರಲ್ಲಿ ಎಂದು ಗೊತ್ತಾಗಿತ್ತು. ತೊಂಬತ್ತಾರನೆಯ ನಡೆಯ ಆ ಮಧ್ಯಾಹ್ನ ಅದಕ್ಕೆ ಉಳಿದಿದ್ದದ್ದು ಮೂರು ವಾರ. ಕುರಿಗಳು ಉಳಿಯುತ್ತವೋ ಕೋಟೆಗಳು ಬರುತ್ತವೋ ಎಂಬುದು ಅಷ್ಟರೊಳಗೆ ತೀರ್ಮಾನವಾಗಬೇಕಿತ್ತು.

ಮನೆಗೆ ಬಂದು ಹಳೆಯ ನೋಟ್‌ಬುಕ್ಕುಗಳನ್ನೆಲ್ಲ ತೆಗೆದೆ. ನಾನು ನೋಡಿದ ಪ್ರತಿಯೊಂದು ಆಟದ ನಡೆಗಳೂ ಅವುಗಳಲ್ಲಿವೆ. ಎದ್ದ ಕಾಯಿಯನ್ನು ಮರುಸರದಿಯಲ್ಲೇ ಅದೇ ಹೊಲಕ್ಕೆ ಇಟ್ಟವರು ಯಾರಾದರೂ ಇದ್ದಾರೆಯೇ ಎಂದು ಪುಟಪುಟವಾಗಿ ಹುಡುಕಿದೆ. ಕೊಟ್ಟೂರಿನವರು, ಉಜ್ಜಿನಿಯವರು, ಹೊಸಹಳ್ಳಿ ಕಡೆಯಿಂದ ಬಂದವರು, ಹಡಗಲಿಯಿಂದ ಬಂದ ನೆಂಟರು: ಒಬ್ಬರೂ ಇಟ್ಟಿರಲಿಲ್ಲ. ನಾನೂ ಇಟ್ಟಿರಲಿಲ್ಲ. ಯಾರೂ ಹೇಳಿಕೊಡದೆ ಎಲ್ಲರೂ ಪಾಲಿಸಿದ ನಿಯಮವನ್ನು ಬರೆಯಬೇಕೆಂದು ನನಗೆ ತೋಚಿಯೇ ಇರಲಿಲ್ಲ.

ಒಂದೇ ಒಂದು ಅಪವಾದ ಸಿಕ್ಕಿತು. ಪರೀಕ್ಷಕರೊಂದಿಗಿನ ಆಟದಲ್ಲಿ ಇಪ್ಪತ್ತೆರಡನೆಯ ನಡೆ. ಅವರು ಎದ್ದ ಕಾಯಿಯನ್ನು ತಕ್ಷಣ ಅಲ್ಲಿಯೇ ಇಟ್ಟಿದ್ದರು. ನಾನು “ಹಂಗ ಇಡಬಾರದ್ರಿ” ಎಂದಿದ್ದೆ, ಅವರು ಕೈ ಹಿಂತೆಗೆದುಕೊಂಡಿದ್ದರು. ಅಂಚಿನಲ್ಲಿ ನನ್ನದೇ ಅಕ್ಷರದಲ್ಲಿ ಎರಡು ಪದ ಬರೆದಿತ್ತು: “ಸಭ್ಯತೆ ಇಲ್ಲ.” ಅವರು ಮಾಡಿದ್ದು ನಿಯಮದ ಹಾಳೆಯ ಪ್ರಕಾರ ಸರಿಯಾಗಿಯೇ ಇತ್ತು. ಆ ಪುಟವನ್ನು ಮುಚ್ಚಿಟ್ಟೆ. ಯಾರಿಗೂ ಹೇಳಲಿಲ್ಲ.

ಆಮೇಲೆ ನಾನು ಮಾಡಿದ್ದು ಎರಡು ತಪ್ಪು.

ಮೊದಲನೆಯದು ನಡೆಗಳಿಗೆ ಮಿತಿ ಹಾಕಿದ್ದು. ನಲವತ್ತು ನಡೆಗೆ ಆಟ ನಿಲ್ಲಲಿ ಎಂದು ಹನ್ನೆರಡನೆಯ ನಿಯಮ ಬರೆದು ಕಳಿಸಿದೆ. ಕೆಲಸ ಸುಲಭ, ಪ್ರೋಗ್ರಾಂ ಬರೆಯುವವನು ಆ ದಿನವೇ ಸೇರಿಸಿದ. ಮೂರು ದಿನ ಬಿಟ್ಟು ಹೋಗಿ ನೋಡಿದರೆ, ಮುಂದಿರುವ ಪಕ್ಷ ಒಂದು ಹೊಲವನ್ನು ಹಿಡಿದು ಹದಿನಾಲ್ಕು-ಹದಿನೇಳು ಆಡಿಸುತ್ತ ನಲವತ್ತು ಬರುವವರೆಗೂ ಹೊತ್ತು ಕಳೆಯುತ್ತಿತ್ತು. ಅರ್ಧ ಹಲಗೆ ಖಾಲಿಯಿರುವಾಗಲೇ ಆಟ ಮುಗಿಯುತ್ತಿತ್ತು.

“ಇದು ಆಟ ಅಲ್ರಿ ಟೀಚರ್, ಬೆಲ್ ಹೊಡೆಯೋತನಕ ಕುಂದ್ರೋ ಕ್ಲಾಸು,” ಎಂದ ಅವನು.

“ಯಾರ ಕ್ಲಾಸು?”

“ಯಾರ್ದೂ ಅಲ್ಲ ಬಿಡ್ರಿ. ಸುಮ್ನ ಅಂದೆ.”

ಎರಡನೆಯ ತಪ್ಪು ಅದಕ್ಕಿಂತ ದೊಡ್ಡದು, ಏಕೆಂದರೆ ಅದನ್ನು ನಾನು ಬಹಳ ಯೋಚಿಸಿ ಮಾಡಿದೆ. ಎದ್ದ ಕಾಯಿಗೆ ಆ ಹೊಲ ಆಟ ಮುಗಿಯುವವರೆಗೂ ಮುಚ್ಚಿರಲಿ ಎಂದು ಬರೆದೆ. ನೋಡಲು ಅಚ್ಚುಕಟ್ಟಾದ ನಿಯಮ. ಅವನು ಫೋನಿಗೆ ತನ್ನೊಡನೆ ತಾನೇ ನೂರು ಆಟ ಆಡಲು ಹೇಳಿದ. ಆಟಗಳು ಬೇಗ ಮುಗಿದವು, ತೀರ ಬೇಗ. ಹೆಚ್ಚುಕಡಿಮೆ ಪ್ರತಿಯೊಂದನ್ನೂ ಮೊದಲು ಇಟ್ಟ ಪಕ್ಷವೇ ಗೆದ್ದಿತು. ಒಂದು ಸಲ ಎದ್ದವರಿಗೆ ಚೇತರಿಸಿಕೊಳ್ಳುವ ದಾರಿಯೇ ಇರಲಿಲ್ಲ.

ಆಗ ಹತ್ತು ದಿನ ಉಳಿದಿತ್ತು. ಅವನು ಗಾಡಿಯ ಕೀ ತಿರುಗಿಸುತ್ತ ಸಹಜವಾಗಿ ಕೇಳಿದ:

“ನಿಮಗ ಯಾರು ಕಲಿಸಿದ್ರಿ ಟೀಚರ್, ಹಂಗ ಇಡಬಾರದು ಅಂತ?”

“ಯಾರೂ ಕಲಿಸಿಲ್ಲ.”

“ಹಂಗಂದ್ರ ಹೆಂಗ್ರಿ? ನಾ ಆಡಿದ್ರ ತಿರುಗಿ ಅಲ್ಲೇ ಇಡ್ತೀನಿ. ನಮ್ಮಪ್ಪಂದು ಬಟ್ಟಿ ಅಂಗಡಿ. ನಮ್ಮನ್ಯಾಗ ಯಾರೂ ಕುರಿ ಹಿಂದ ಹೋದಾರಲ್ಲ.”

ಕೊಟ್ಟೂರಿಗೆ ಮರಳುವ ದಾರಿಯುದ್ದಕ್ಕೂ ಆ ಮಾತು ತಲೆಯಲ್ಲಿತ್ತು. ಹಾಗೆ ಇಡಬಾರದೆಂದು ನನಗೆ ಗೊತ್ತಿತ್ತು. ಎಷ್ಟು ಹೊತ್ತು ಇಡಬಾರದು, ಯಾವಾಗ ಇಡಬಹುದು ಎಂಬುದು ಗೊತ್ತಿರಲಿಲ್ಲ; ಅದನ್ನು ನಾನು ಮೇಜಿನ ಮುಂದೆ ಕುಳಿತು ಕಲ್ಪಿಸಿಕೊಳ್ಳುತ್ತಿದ್ದೆ. ಬಸ್ಸಿನಿಂದ ಇಳಿಯುವ ಹೊತ್ತಿಗೆ ನಿರ್ಧರಿಸಿದ್ದೆ: ಇನ್ನು ನಿಯಮ ಬರೆಯುವುದಿಲ್ಲ. ಕುರಿ ಬಲ್ಲವರ ಕೈ ಹೇಗೆ ಆಡುತ್ತದೆಂದು ನೋಡುತ್ತೇನೆ.

ಬಲ್ಲವಳೊಬ್ಬಳು ಇದ್ದಳು. ಉಜ್ಜಿನಿಯ ಕುರಿಗಾರ ಮನೆತನದವಳು, ಐವತ್ತು ದಾಟಿದವಳು. ಸಂತೆಗೆಂದು ಕೊಟ್ಟೂರಿಗೆ ಬಂದಾಗ ನಮ್ಮ ಜಗಲಿಯಲ್ಲಿ ಕುಳಿತು ತರುಬು ಆಡಿ ಹೋಗುತ್ತಿದ್ದಳು. ಅವಳನ್ನು ನಾನು ಒಂದು ಸಲವೂ ಸೋಲಿಸಿಲ್ಲ. ಮರುದಿನ ಮಧ್ಯಾಹ್ನ ಹಲಗೆ, ಬೀಜ, ಕಾಳುಗಳನ್ನು ಚೀಲಕ್ಕೆ ಹಾಕಿಕೊಂಡು ಉಜ್ಜಿನಿಗೆ ಹೋದೆ. ಹಿಂಡು ಊರಾಚೆ ಒಂದು ಎರೆಹೊಲಕ್ಕೆ ಬರುವುದಿತ್ತು. ಅವಳ ಗಂಡ ಗೂಟ ಹೊಡೆಯುತ್ತಿದ್ದ. ಅವಳು ಬಲೆಯ ಹರಿದ ಕಣ್ಣುಗಳಿಗೆ ಹುರಿ ಹಾಕುತ್ತಿದ್ದಳು.

“ಬರ್ರಿ ಅಕ್ಕಾರ, ಇಷ್ಟು ದೂರ! ಸೋಲಾಕ ಮನಿಯಾಗ ಜಾಗ ಇರ್ಲಿಲ್ಲೇನ್ರಿ?”

“ಸೋಲಾಕ ಬಂದಿಲ್ಲಬೇ, ನೋಡಾಕ ಬಂದೀನಿ. ಆಡೋಣ ಬಾ.”

ಬದುವಿನ ಮೇಲೆ ಹಲಗೆ ಹಾಸಿದೆ. ಈ ಸಲ ನಾನು ಗೆಲ್ಲುವುದಕ್ಕೆ ಆಡಲಿಲ್ಲ. ಅವಳ ಕಾಯಿಗಳನ್ನು ಎಬ್ಬಿಸುವುದಕ್ಕೆ ಆಡಿದೆ. ಒಂಬತ್ತನೆಯ ನಡೆಗೆ ಅವಳ ಒಂದು ಕಾಯಿ ಎದ್ದಿತು. ಅವಳು ದೂರದ ಇಪ್ಪತ್ಮೂರನೆಯ ಹೊಲದಲ್ಲಿ ಕಾಯಿ ಇಟ್ಟಳು. ನಾನು ಬೇರೆಲ್ಲೋ ಇಟ್ಟೆ. ಮುಂದಿನ ಸರದಿಗೆ ಅವಳು ಎದ್ದಿದ್ದ ಹೊಲಕ್ಕೆ ನೇರವಾಗಿ ಬಂದಳು. ಬರೆದುಕೊಂಡೆ. ಮತ್ತೊಮ್ಮೆ ಎಬ್ಬಿಸಿದೆ. ಮತ್ತೆ ಅವಳು ಒಂದು ನಡೆ ಬೇರೆ ಕಡೆ ಇಟ್ಟು, ಮರುನಡೆಗೆ ಮರಳಿದಳು. ಮೂರನೆಯ ಸಲವೂ ಅಷ್ಟೇ. ಒಂದು ನಡೆ. ಎರಡಲ್ಲ, ಶೂನ್ಯವಲ್ಲ.

“ಆಗಲೇ ತಿರುಗಿ ಯಾಕ ಇಡಲಿಲ್ಲ?” ಎಂದೆ.

ಅವಳು ನನ್ನನ್ನೇ ದಿಟ್ಟಿಸಿದಳು, ಪ್ರಶ್ನೆಯಲ್ಲಿ ಏನೋ ಕುಹಕವಿದೆಯೆಂಬಂತೆ.

“ಅದೆಂಗ್ ಇಡಾಕ ಬರ್ತೈತ್ರಿ? ಎದ್ದ ಹೊಲಕ್ಕ ಅವತ್ತೇ ಹೊಳ್ಳಿ ಒಯ್ದ್ರ ಕುರಿ ನಿಲ್ಲಂಗಿಲ್ಲ. ತಾವ ತುಳಿದ ಮೇವು ಮೂಸಿ ಸೈತ ನೋಡಂಗಿಲ್ಲ. ಒಂದು ಸಂಜಿ ಬ್ಯಾರೆ ಕಡಿ ತರುಬಿ ಬರಬೇಕು.”

“ಒಂದ ಸಂಜಿ ಸಾಕೇನು?”

“ಸಾಕ್ರಿ. ಅತ್ತಿ ಕೂಡ ಜಗಳಾಡಿ ಹೋದಾಕಿ ಅವತ್ತೇ ಹೊಳ್ಳಿ ಬಂದ್ರ ಮರ್ಯಾದಿ ಇರ್ತೈತೇನು? ಒಂದಿನ ತವರ್ಮನ್ಯಾಗ ಇದ್ದು ಬಂದ್ರ ಅತ್ತೀನ ಬಾಗಿಲು ತಗೀತಾಳ.”

ಗೂಟ ಹೊಡೆಯುತ್ತಿದ್ದ ಗಂಡ ಅಲ್ಲಿಂದಲೇ ಕೂಗಿದ: “ಈಕಿ ಹೋದಾಗ ಎಂಟು ದಿನ ಆಗಿತ್ರಿ ಅಕ್ಕಾರ, ಬರಲೇ ಇಲ್ಲ.”

“ನೀ ಕರಿಯಾಕ ಬರ್ತೀಯೇನಂತ ನೋಡಿದ್ನೆಪ್ಪ!”

ನಾನು ಒಂದು ತಕರಾರು ಎತ್ತಿದೆ. ಆಟದ ಕೊನೆಯಲ್ಲಿ ಖಾಲಿಯಿರುವುದು ಆ ಒಂದೇ ಹೊಲವಾದರೆ? ಬೇರೆ ಕಡೆ ತರುಬಲು ಜಾಗವೇ ಇಲ್ಲದಿದ್ದರೆ?

“ಜಾಗ ಇಲ್ಲಂದ್ರ ಅವತ್ತು ಸುಮ್ನ ಕುಂದ್ರಬೇಕ್ರಿ. ಮತ್ತೇನ್ ಕುರಿ ಹೊತ್ಕೊಂಡು ನಿಂದ್ರತೀರೇನು?”

ಅಲ್ಲಿಗೆ ಆಟದ ಕೊನೆಯೂ ಸಿಕ್ಕಿತು. ಸರದಿ ಬಿಡಬೇಕು, ಎದುರಾಳಿ ಆ ಹೊಲವನ್ನು ತುಂಬುತ್ತಾನೆ ಇಲ್ಲವೇ ಅವನೂ ಬಿಡುತ್ತಾನೆ, ಹೇಗಾದರೂ ಆಟ ಮುಗಿಯುತ್ತದೆ. ಎರಡು ವಾರ ನಾನು ಗುದ್ದಾಡಿದ್ದಕ್ಕೆ ಉತ್ತರ ಆ ಬದುವಿನ ಮೇಲೆ ಅರ್ಧ ತಾಸಿನಲ್ಲಿ ಸಿಕ್ಕಿತು. ಅಷ್ಟು ಹೊತ್ತಿಗೆ ಹಿಂಡು ಬಂತು. ಅವಳು ಹಲಗೆಯಿಂದ ಎದ್ದು ಬಲೆಯ ಬಾಯಿ ಹಿಡಿದು ನಿಂತಳು. ಆಟವನ್ನು ಅರ್ಧಕ್ಕೆ ಬಿಟ್ಟೆವು. ಆಗಲೂ ಅವಳದೇ ನಾಲ್ಕು ಹೊಲ ಹೆಚ್ಚಿತ್ತು.

ನನ್ನ ಎರಡೂ ತಪ್ಪು ನಿಯಮಗಳನ್ನು ಹೊಡೆದುಹಾಕಿ, ಹೊಸ ಹನ್ನೆರಡನೆಯ ನಿಯಮವನ್ನು ಅವಳ ಮಾತಿಗೆ ಆದಷ್ಟು ಹತ್ತಿರವಾಗಿ ಬರೆದೆ. ಅದನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿ ಸುಮ್ಮನಿರಬಹುದಿತ್ತು. ಆದರೆ ಪ್ರೋಗ್ರಾಂ ಕೆಟ್ಟಿದೆಯೆಂದು ನಾನು ಅವನಿಗೆ ಎದುರಿಗೇ ಹೇಳಿದ್ದೆ, ಅವನ ಕೇಂದ್ರದ ಇಬ್ಬರು ವಿದ್ಯಾರ್ಥಿಗಳ ಮುಂದೆ. ಎದುರಿಗೆ ಹೇಳಿದ್ದನ್ನು ಎದುರಿಗೇ ಹಿಂತೆಗೆದುಕೊಳ್ಳಬೇಕು. ಇತರರಿಂದ ನಾನು ಜೀವನವಿಡೀ ಬಯಸಿದ್ದು ಅದನ್ನೇ. ಬಹಳ ಮಂದಿ ಅದನ್ನು ಮಾಡಿಲ್ಲ. ಮರುದಿನ ಹಗರಿಬೊಮ್ಮನಹಳ್ಳಿಗೆ ಹೋದೆ.

“ತಪ್ಪು ನಂದು. ನಿಯಮ ಬರೆದಿರಲಿಲ್ಲ. ನಿನ್ನ ಪ್ರೋಗ್ರಾಂ ಸರಿ ಇತ್ತು,” ಎಂದೆ.

ಅವನು ಕೀಲಿಮಣೆಯಿಂದ ಕೈ ತೆಗೆದ.

“ಇನ್ನೊಮ್ಮೆ ಹೇಳ್ರಿ ಟೀಚರ್.”

“ಒಮ್ಮೆ ಹೇಳಿದ್ದು ಸಾಕು.”

“ಇಲ್ರಿ, ಮೊಬೈಲ್‌ನಾಗ ರೆಕಾರ್ಡ್ ಮಾಡ್ಕೊಳ್ಳಾಕ. ನಮ್ಮ ಬ್ಯಾಚಿನವರು ನಂಬಂಗಿಲ್ಲ.”

ನಕ್ಕುಬಿಟ್ಟೆ. ಕಾಯಿಸಿದ ನಲವತ್ತು ನಿಮಿಷಕ್ಕೆ ಅವನೂ ಆ ದಿನ ತಾನಾಗಿ ಕ್ಷಮೆ ಕೇಳಿದ; ಕರೆಂಟ್ ಇಲ್ಲದೆ ಜೆರಾಕ್ಸ್ ಅಂಗಡಿಯಲ್ಲಿ ಸಿಕ್ಕಿಕೊಂಡಿದ್ದನಂತೆ. ಆ ಲೆಕ್ಕ ಅಲ್ಲಿಗೆ ಮುಗಿಯಿತು.

ಆಮೇಲಿನ ಐದು ದಿನ ಶುದ್ಧ ಕೆಲಸ. ಫೋನು ಪ್ರತಿ ಆಟಗಾರನಿಗೂ ಅವನು ಎದ್ದ ಹೊಲದ ಸಂಖ್ಯೆಯನ್ನು ನೆನಪಿಟ್ಟುಕೊಂಡು, ಅವನು ಬೇರೆ ಕಡೆ ಒಂದು ಕಾಯಿ ಇಟ್ಟೊಡನೆ ಅದನ್ನು ಅಳಿಸಬೇಕು. ಒಂದೇ ನಡೆಗೆ ಎರಡು ಕಾಯಿ ಎದ್ದರೆ? ಎರಡು ಹೊಲಗಳೂ ಮುಚ್ಚಲಿ, ಒಂದೇ ಸಂಜೆಗೆ ಎರಡೂ ತೆರೆಯಲಿ ಎಂದು ತೀರ್ಮಾನಿಸಿದೆವು. ಮುಚ್ಚಿದ ಹೊಲವನ್ನು ಹೇಗೆ ತೋರಿಸುವುದು? ಅವನು ಮೊದಲು ಕೆಂಪು ಅಕ್ಷರದಲ್ಲಿ “ತಪ್ಪು ನಡೆ” ಎಂದು ಹಾಕಿದ್ದ. ಅದನ್ನು ತೆಗೆಸಿದೆ. ಹೊಸಬರು ಮಾಡುವುದು ತಪ್ಪಲ್ಲ, ಅವರಿಗೆ ಗೊತ್ತಿರುವುದಿಲ್ಲ. ಅದರ ಬದಲು ಹೊಲದ ನಡುವೆ ಒಂದು ಚಿಕ್ಕ ಗೂಟದ ಚಿತ್ರ. ಮುಟ್ಟಿದರೆ ಹೊಲ ಮೆಲ್ಲಗೆ ಅಲುಗಿ ಒಂದು ಸಾಲು ಕಾಣಿಸಬೇಕು.

ಇನ್ನೂ ಒಂದು ತೊಡಕು ಫೋನಿನ ಯೋಚನೆಯದು. ಅದು ತನ್ನ ಮುಂದಿನ ಒಂದೇ ನಡೆಯ ಲಾಭವನ್ನು ನೋಡುತ್ತಿತ್ತು. ಬೇರೆ ಕಡೆ ತರುಬುವಾಗ ಹಲಗೆಯ ಯಾವುದೋ ಮೂಲೆಗೆ ಹೋಗಿ ಕೂರುತ್ತಿತ್ತು, ಮೊದಲ ಸಲ ಹಿಂಡಿನ ಹಿಂದೆ ಹೊರಟವರಂತೆ. ಅವನು ಅದಕ್ಕೆ ಎರಡು ನಡೆ ಮುಂದಕ್ಕೆ ನೋಡಲು ಕಲಿಸಿದ. ಅಷ್ಟರಲ್ಲಿ ನಾನು ಕಂಡುಕೊಂಡ ಸಂಗತಿಯೆಂದರೆ, ಬಾವಿಯ ಪಕ್ಕದ ಆರನೆಯ ಹೊಲ ಪರದೆಯ ಮೇಲೆ ತೀರ ಚಿಕ್ಕದಾಗಿ, ಬೆರಳು ಮುಟ್ಟಿದರೆ ಏಳನೆಯದು ಸಿಗುತ್ತಿತ್ತು. ಬದುಗಳನ್ನು ಮತ್ತೆ ಎಳೆದೆ. ಯಾವ ಹೊಲವೂ ನನ್ನ ಹೆಬ್ಬೆಟ್ಟಿಗಿಂತ ಕಿರಿದಾಗದಂತೆ, ನೆರೆಹೊರೆಯ ಲೆಕ್ಕ ಒಂದೂ ಬದಲಾಗದಂತೆ. ಒಂದು ರೇಖೆ ಸರಿಸಿದರೆ ಮೂರು ಹೊಲಗಳ ಸಂಬಂಧ ಕೆಡುತ್ತಿತ್ತು. ಹದಿನಾರು ಕರಡುಗಳಾದವು. ಹದಿನೇಳನೆಯದು ಕೂಡಿಬಂತು.

ಪರೀಕ್ಷೆಯ ದಿನ ಹರಪನಹಳ್ಳಿಯ ಕಾಲೇಜಿನ ಕೊಠಡಿಯಲ್ಲಿ ನಾಲ್ಕು ಬೆಂಚು ಹಾಕಿದ್ದರು. ಆಟ ನೋಡದ ಮೂವರು, ಕಾಲೇಜಿನ ಕಚೇರಿಯವರು, ಮೂರು ಫೋನು ಹಿಡಿದು ಕುಳಿತರು. ನಾಲ್ಕನೆಯದನ್ನು ಪರೀಕ್ಷಕರು ತಾವೇ ತೆಗೆದುಕೊಂಡರು. ನಾನೂ ಪ್ರೋಗ್ರಾಂ ಬರೆದವನೂ ಬಾಯಿ ತೆರೆಯಬಾರದೆಂಬ ಕರಾರು. ಗೋಡೆಯ ಪಕ್ಕ ನಿಂತೆವು. ಯಾರೂ ನನಗೆ ಕುರ್ಚಿ ಕೊಡಲಿಲ್ಲ.

ಮೊದಲ ಎರಡು ನಿಮಿಷ ಯಾರ ಮುಖದಲ್ಲೂ ಏನೂ ಕಾಣಲಿಲ್ಲ. ಆಮೇಲೆ ಕಚೇರಿಯ ಗುಮಾಸ್ತೆ ತನ್ನಷ್ಟಕ್ಕೆ ತಾನೇ “ಅಯ್ಯೋ, ಎಬ್ಬಿಸಿಬಿಡ್ತಲ್ಲೇ ನನ್ನ!” ಎಂದಳು. ಪಕ್ಕದವನು ಬಗ್ಗಿ ನೋಡಿ, “ಬಾವಿ ಹೊಲ ಬಿಟ್ಟು ಕೊಟ್ಟೆ ನೋಡಕ್ಕ, ಅದಕ್ಕೆ” ಎಂದ. ಇವನಿಗೆ ಆಗಲೇ ಬಾವಿಯ ಬೆಲೆ ತಿಳಿದಿತ್ತು. ಪ್ರೋಗ್ರಾಂ ಬರೆದವನು ನನ್ನ ಕೈ ಹಿಸುಕಿದ. ಹಾಗೆ ಮಾಡಬಾರದಿತ್ತು, ಆದರೆ ನಾನೂ ಬಿಡಿಸಿಕೊಳ್ಳಲಿಲ್ಲ.

ಐದನೆಯ ನಿಮಿಷಕ್ಕೆ ಪರೀಕ್ಷಕರ ಕಾಯಿ ಎದ್ದಿತು. ಅವರ ಬೆರಳು ನೇರವಾಗಿ ಅದೇ ಹೊಲಕ್ಕೆ ಹೋಯಿತು. ಹೊಲ ಅಲುಗಿತು. ಗೂಟ ಕಾಣಿಸಿತು. ಕೆಳಗೆ ಸಾಲು: “ಒಂದು ಸಂಜೆ ಬೇರೆ ಕಡೆ ತರುಬಿ ಬನ್ನಿ.” ಅವರು ಅದನ್ನು ಓದಿ ತಲೆಯೆತ್ತಿದರು.

“ಮೇಡಂ, ಇದು ಅವತ್ತು ನಿಮ್ಮ ಜಗಲಿ ಮೇಲೆ ನನಗೆ ಬೈದಿದ್ದಲ್ವಾ?”

ಮಾತಾಡಬಾರದೆಂಬ ಕರಾರನ್ನು ಮುರಿದವರು ಅವರು. ಆದ್ದರಿಂದ ಉತ್ತರಿಸಿದೆ.

“ಬೈದಿರಲಿಲ್ಲ. ಹೇಳಿದ್ದೆ. ಆದ್ರ ಹಾಳ್ಯಾಗ ಬರೆದಿರಲಿಲ್ಲ. ಅವತ್ತು ನೀವು ಇಟ್ಟಿದ್ದು ಸರಿಯಾಗಿಯೇ ಇತ್ತು.”

“ಹಂಗಾದ್ರೆ ಅವತ್ತಿನ ಆಟ ನಾನೇ ಗೆಲ್ತಿದ್ದೆ,” ಎಂದರು.

“ಗೆಲ್ಲೋದಲ್ಲ ಸಾರ್, ಇನ್ನೂ ಆಡ್ತಿದ್ರಿ,” ಎಂದ ನನ್ನ ಪಕ್ಕದವನು. ಕೊಠಡಿಯಲ್ಲಿ ನಗು ಎದ್ದಿತು. ಪರೀಕ್ಷಕರೂ ನಕ್ಕು, ಬೇರೆ ಹೊಲದಲ್ಲಿ ಕಾಯಿ ಇಟ್ಟು, ಮರುನಡೆಗೆ ಮರಳಿ ಬಂದರು. ಯಾರೂ ಹೇಳಿಕೊಡಲಿಲ್ಲ.

ಗುಮಾಸ್ತೆಯ ಆಟ ಏಳು ನಿಮಿಷಕ್ಕೆ ಮುಗಿಯಿತು. ಉಳಿದ ಇಬ್ಬರದು ಎಂಟಕ್ಕೆ. ಪರೀಕ್ಷಕರದು ಒಂಬತ್ತು ನಿಮಿಷ ದಾಟಿ, ಖಾಲಿ ಉಳಿದಿದ್ದ ಒಂದೇ ಹೊಲದ ಮುಂದೆ ನಿಂತಿತು. ಅದು ಅವರು ಆಗಷ್ಟೇ ಎದ್ದ ಹೊಲ. ಅವರು ಒಂದು ಕ್ಷಣ ನೋಡಿ ಸರದಿ ಬಿಟ್ಟರು. ಫೋನು ತನ್ನ ಕಾಳನ್ನಿಟ್ಟಿತು. ಫೋನು ಗೆದ್ದಿತು, ಒಂದು ಹೊಲದಿಂದ. ಹತ್ತು ನಿಮಿಷಕ್ಕೆ ಇನ್ನೂ ಸಮಯವಿತ್ತು.

“ಇನ್ನೊಂದು ಆಡ್ಲಾ?” ಎಂದು ಗುಮಾಸ್ತೆ ಯಾರನ್ನೋ ಕೇಳಿದಳು, ಉತ್ತರ ಬರುವ ಮುಂಚೆಯೇ ಶುರುಮಾಡಿದ್ದಳು.

ಪರೀಕ್ಷಕರು ಒಪ್ಪಂದದ ಪ್ರತಿಯನ್ನು ತೆಗೆದು ಏಳನೆಯ ಷರತ್ತಿನ ಪಕ್ಕ “ಪೂರೈಸಲಾಗಿದೆ” ಎಂದು ಬರೆದು ಸಹಿ ಹಾಕಿದರು. “ಕುರಿ ಇರ್ಲಿ ಬಿಡಿ ಮೇಡಂ,” ಎಂದರು. ನಿಯಮದ ಹಾಳೆಯ ಕೆಳಗೆ ಒಂದು ಸಾಲು ಸೇರಿಸಬೇಕೆಂದು ನಾನು ಕೇಳಿದೆ: ಹನ್ನೆರಡನೆಯ ನಿಯಮ ಉಜ್ಜಿನಿಯ ಕುರಿಗಾರ್ತಿಯೊಬ್ಬರು ತಿಳಿಸಿದ್ದು ಎಂದು. ಅದಕ್ಕೂ ಒಪ್ಪಿದರು. ಈ ಸಲ ಚಹಾ ಬಂದಾಗ ಕುರ್ಚಿಯನ್ನು ಅವರೇ ಎಳೆದು ಕೊಟ್ಟರು. ಇದನ್ನೂ ನೋಟ್‌ಬುಕ್ಕಿನಲ್ಲಿ ಬರೆದಿದ್ದೇನೆ.

ಪ್ರೋಗ್ರಾಂ ಬರೆದವನು ತನ್ನ ಗಾಡಿಯಲ್ಲಿ ಹಗರಿಬೊಮ್ಮನಹಳ್ಳಿಗೆ ಹೊರಟ. ನಾನು ಬಸ್ಸು ಹತ್ತಿ ಕಿಟಕಿಯ ಪಕ್ಕ ಕುಳಿತೆ. ಕಂಡಕ್ಟರ್ ಕೊಟ್ಟೂರಿಗೆ ಟಿಕೆಟ್ ಹರಿದು ಕೊಟ್ಟದ್ದು ನೆನಪಿದೆ. ಆಮೇಲಿನದು ನೆನಪಿಲ್ಲ. ಮೂರು ವಾರದಲ್ಲಿ ಮೊದಲ ಸಲ ತಲೆಯಲ್ಲಿ ಹದಿನಾಲ್ಕೂ ಇರಲಿಲ್ಲ, ಹದಿನೇಳೂ ಇರಲಿಲ್ಲ. ಭುಜ ಮುಟ್ಟಿ ಎಬ್ಬಿಸಿದಾಗ ಬಸ್ಸು ನಿಂತಿತ್ತು, ಸೀಟುಗಳು ಅರ್ಧ ಖಾಲಿಯಾಗಿದ್ದವು.

“ಏಳ್ರಿ ಅಮ್ಮಾರ. ಟಿಕೀಟು ಕೊಟ್ಟೂರಿಗೈತಿ, ನೀವು ಕೂಡ್ಲಿಗಿಗೆ ಬಂದೀರಿ. ಕೊಟ್ಟೂರಾಗ ಎಷ್ಟು ಒದರಿದೆ!”

ಬೇರೆ ದಿನವಾಗಿದ್ದರೆ ಸರಿಯಾಗಿ ಒದರಬೇಕಿತ್ತೆಂದು ಅವನಿಗೆ ಹೇಳುತ್ತಿದ್ದೆ. ಆ ದಿನ ಚೀಲ ತೆಗೆದುಕೊಂಡು ಇಳಿದು, ಕೂಡ್ಲಿಗಿಯ ನಿಲ್ದಾಣದ ಬೆಂಚಿನ ಮೇಲೆ ಕುಳಿತು ಬಿಸಿ ಮಿರ್ಚಿ ಬಜ್ಜಿ ತಿಂದೆ. ಕೊಟ್ಟೂರಿಗೆ ಹೋಗುವ ಮೊದಲ ಬಸ್ಸು ಬಂತು. ಅದನ್ನು ಹೋಗಲು ಬಿಟ್ಟೆ. ಇನ್ನೊಂದು ಮಿರ್ಚಿ ಹೇಳಿದ್ದೆ.